ಆಯ್ದು ತಿನ್ನುವುದರಿಂದ ಬಿತ್ತಿ ಬೆಳೆಯುವವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಟೆಯಾಡಿ, ಗೆಡ್ಡೆ–ಕಾಳು ಆಯ್ದು ಬದುಕುತ್ತಿದ್ದ ಮನುಷ್ಯ ಬೇಸಾಯಕ್ಕೆ ಇಳಿದ ಬಗೆಯ ಕುರಿತು ವಿದ್ಯಾರ್ಥಿಗಳು, ಶಿಕ್ಷಕರು, ಉತ್ಖನನ ನೋಡಲು ಬರುವ ಊರವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೊದಲರ್ಧದಲ್ಲಿ ಪಶ್ಚಿಮ ಏಷ್ಯಾದ ಗೋಧಿ, ಬಾರ್ಲಿಯ ವಿಷಯ ಹೆಚ್ಚು ಬರುತ್ತದೆ, ಏಕೆಂದರೆ ಪುರಾವೆ ಅಲ್ಲೇ ದಟ್ಟವಾಗಿದೆ. ಆಮೇಲಿನದು ಬಳ್ಳಾರಿ–ರಾಯಚೂರು ಸೀಮೆಯದು.

ಬೇಸಾಯ ಎಲ್ಲಿ, ಯಾವಾಗ ಶುರುವಾಯಿತು?

ಒಂದೇ ಊರು, ಒಂದೇ ಕಾಲ ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಜೋರ್ಡನ್ ಕಣಿವೆಯಿಂದ ಸಿರಿಯಾ, ಆಗ್ನೇಯ ಟರ್ಕಿಯ ಮೂಲಕ ಇರಾಕ್–ಇರಾನ್ ಗಡಿಯ ಬೆಟ್ಟಗಳವರೆಗಿನ ಕಮಾನಿನಂಥ ಪಟ್ಟಿಯಲ್ಲಿ ಸುಮಾರು 11,500 ವರ್ಷಗಳ ಹಿಂದೆ ಕಾಡುಗೋಧಿ, ಕಾಡುಬಾರ್ಲಿಗಳನ್ನು ಬಿತ್ತುವ ಕೆಲಸ ಕಾಣತೊಡಗುತ್ತದೆ. ಚೀನಾದ ಯಾಂಗ್ಟ್ಸಿ ನದಿಯ ಬಯಲಲ್ಲಿ ಭತ್ತ, ಉತ್ತರ ಚೀನಾದಲ್ಲಿ ನವಣೆ ಮತ್ತು ಬರಗು, ಮೆಕ್ಸಿಕೋದ ಬಾಲ್ಸಾಸ್ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಮೆಕ್ಕೆಜೋಳ, ನ್ಯೂಗಿನಿಯ ಕುಕ್ ಜೌಗಿನಲ್ಲಿ ಬಾಳೆ ಮತ್ತು ಕೆಸುವು, ಆಫ್ರಿಕಾದಲ್ಲಿ ಜೋಳ, ಸಜ್ಜೆ, ರಾಗಿ. ಈ ನಾಡುಗಳ ಬೇಸಾಯಗಾರರಲ್ಲಿ ಹೆಚ್ಚಿನವರಿಗೆ ಉಳಿದವರು ಇದ್ದಾರೆಂಬುದೇ ಗೊತ್ತಿರಲಿಲ್ಲ. ನಮ್ಮ ಜೀವಿಪ್ರಭೇದದ (ಹೋಮೋ ಸೇಪಿಯನ್ಸ್) ಮನುಷ್ಯರು ಭೂಮಿಯ ಮೇಲೆ ಸುಮಾರು 3 ಲಕ್ಷ ವರ್ಷಗಳಿಂದ ಇದ್ದಾರೆ. ಅದರಲ್ಲಿ ನೂರಕ್ಕೆ 96 ಪಾಲು ಕಾಲ ಬೇಸಾಯವಿಲ್ಲದೆಯೇ ಕಳೆಯಿತು.

ಬೀಜ ಮಣ್ಣಿಗೆ ಬಿದ್ದರೆ ಮೊಳೆಯುತ್ತದೆ ಎಂಬುದು ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲವೇ?

ಗೊತ್ತಿತ್ತು ಎಂದುಕೊಳ್ಳುವುದೇ ಸರಿ. ಇಸ್ರೇಲಿನ ಗಲಿಲೀ ಸರೋವರದ ದಡದ ಒಹಾಲೋ ಎಂಬಲ್ಲಿ ಸುಮಾರು 23,000 ವರ್ಷ ಹಿಂದಿನ ಗುಡಿಸಲುಗಳು ಸಿಕ್ಕಿವೆ. ಅಲ್ಲಿದ್ದವರು ಕಾಡುಬಾರ್ಲಿ, ಕಾಡುಗೋಧಿ ಸೇರಿ ಹತ್ತಾರು ಬಗೆಯ ಬೀಜಗಳನ್ನು ಕೂಡಿಟ್ಟಿದ್ದರು. ಅರೆದ ಕಲ್ಲಿನ ಮೇಲೆ ಪಿಷ್ಟದ ಕಣಗಳು ಇನ್ನೂ ಅಂಟಿಕೊಂಡಿದ್ದವು. ಜೋರ್ಡನ್‌ನ ಶುಬೈಕಾದಲ್ಲಿ ಸಿಕ್ಕ ಕರಕಲು ರೊಟ್ಟಿ ಚೂರುಗಳಿಗೆ 14,000 ವರ್ಷ ದಾಟಿದೆ. ಅಂದರೆ ಹಿಟ್ಟು, ರೊಟ್ಟಿ, ಅರೆಯುವ ಕಲ್ಲು ಎಲ್ಲವೂ ಹೊಲಕ್ಕಿಂತ ಸಾವಿರಾರು ವರ್ಷ ಹಿರಿಯವು. ‘ಯಾರೋ ಒಬ್ಬರು ತಿಪ್ಪೆಯಲ್ಲಿ ಮೊಳಕೆ ಕಂಡು ಬೇಸಾಯ ಕಂಡುಹಿಡಿದರು’ ಎಂಬ ಕತೆಯನ್ನು ತರಗತಿಯಲ್ಲಿ ಹೇಳುವುದನ್ನು ನಿಲ್ಲಿಸಿದರೆ ಒಳ್ಳೆಯದು.

ಗೊತ್ತಿದ್ದೂ ಏಕೆ ಮಾಡಲಿಲ್ಲ? ಹಸಿವು ಕಾಡಿದ ಮೇಲೆ ಮಾಡಿದರೇ?

ಹಿಮಯುಗದಲ್ಲಿ ಬೇಸಾಯ ಕಟ್ಟುತ್ತಿರಲಿಲ್ಲ. ಹವೆ ಕೆಲವೇ ದಶಕಗಳಲ್ಲಿ ಮಗುಚಿಕೊಳ್ಳುತ್ತಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 180–190 ಭಾಗದಷ್ಟೇ ಇತ್ತು, ಆದ್ದರಿಂದ ಗೋಧಿಯಂಥ ಹುಲ್ಲುಗಳ ಬೆಳವಣಿಗೆಯೂ ಸೊರಗಿತ್ತು. ಸುಮಾರು 11,700 ವರ್ಷಗಳ ಹಿಂದೆ ಕೊನೆಯ ಚಳಿಯ ಅಲೆ ಮುಗಿದು ಹವೆ ನೆಲೆನಿಂತಿತು, ಆ ಪ್ರಮಾಣ 260 ದಾಟಿತು. ಇದು ಬಾಗಿಲು ತೆರೆಯಿತೇ ಹೊರತು ಒಳಕ್ಕೆ ಯಾರನ್ನೂ ನೂಕಲಿಲ್ಲ.

ಹಸಿವಿನ ವಾದಕ್ಕೆ ಅಡ್ಡಬರುವ ಒಂದು ಪ್ರಯೋಗವಿದೆ. 1960ರ ದಶಕದಲ್ಲಿ ಜ್ಯಾಕ್ ಹಾರ್ಲನ್ ಎಂಬ ಸಸ್ಯವಿಜ್ಞಾನಿ ಟರ್ಕಿಯ ಬೆಟ್ಟದ ಇಳಿಜಾರಿನಲ್ಲಿ ಕಾಡುಗೋಧಿಯನ್ನು ಬರಿಗೈಲೂ ಚಕಮಕಿ ಕಲ್ಲಿನ ಅಲಗು ಕೂರಿಸಿದ ಕುಡುಗೋಲಿನಲ್ಲೂ ಕೊಯ್ದು ನೋಡಿದರು. ಗಂಟೆಗೆ ಸುಮಾರು 1 ಕಿಲೋ ಹಸನಾದ ಕಾಳು ಸಿಕ್ಕಿತು. ಒಂದು ಕುಟುಂಬ ಸುಮಾರು ಮೂರು ವಾರ ದುಡಿದರೆ ವರ್ಷಕ್ಕೆ ಸಾಕಾಗಿ ಮಿಗುವಷ್ಟು ಕಾಳು ಎಂಬುದು ಅವರ ಲೆಕ್ಕ. ಉಳದೆ, ಕಳೆ ತೆಗೆಯದೆ ಇಷ್ಟು ಸಿಗುವ ಕಡೆ ಬಿತ್ತುವ ಅಗತ್ಯವೇನು? ಕಾಡುಗೋಧಿ ದಟ್ಟವಾಗಿದ್ದ ಜಾಗಕ್ಕಿಂತ ಅದರ ಅಂಚಿನಲ್ಲಿ, ಜನ ಒಂದೆಡೆ ಮನೆ ಕಟ್ಟಿ ನೆಲೆಸಿದ್ದ ಕಡೆ ಬಿತ್ತನೆಗೆ ಕಾರಣ ಹೆಚ್ಚು. ಹಬ್ಬದೂಟಕ್ಕೆ, ಹುದುಗು ಪಾನೀಯಕ್ಕೆ ಕಾಳು ಬೇಕಿತ್ತು ಎನ್ನುವವರೂ ಇದ್ದಾರೆ. ಟರ್ಕಿಯ ಗೊಬೆಕ್ಲಿ ತೆಪೆಯಲ್ಲಿ ಕ್ರಿ.ಪೂ. 9500ರ ಸುಮಾರಿಗೇ ಆಳೆತ್ತರ ಮೀರಿದ ಕಲ್ಲುಕಂಬಗಳನ್ನು ಕೆತ್ತಿ ನಿಲ್ಲಿಸಿದವರು ಬೇಟೆಗಾರರು. ಅಷ್ಟು ಜನರನ್ನು ಕೂಡಿಸಿ ಉಣಿಸಬಲ್ಲವರಾಗಿದ್ದರು ಎಂಬುದಂತೂ ನಿಜ. ಎಲ್ಲ ನಾಡಿಗೂ ಹೊಂದುವ ಒಂದೇ ಕಾರಣ ಹುಡುಕುವುದು ವ್ಯರ್ಥ ಎಂಬುದು ನಮ್ಮ ಅಭಿಪ್ರಾಯ.

ಬಿತ್ತುವುದಕ್ಕೂ ‘ಪಳಗಿಸುವುದಕ್ಕೂ’ ಏನು ವ್ಯತ್ಯಾಸ?

ಇಡೀ ವಿಷಯದ ಗಂಟು ಇರುವುದು ಇಲ್ಲೇ. ಬಿತ್ತುವುದು ಮನುಷ್ಯನ ಕೆಲಸ. ಪಳಗುವುದು ಗಿಡದ ಮೈಯಲ್ಲಿ ಆಗುವ ಬದಲಾವಣೆ. ಮೊದಲನೆಯದು ಶುರುವಾಗಿ ಬಹುಕಾಲದ ಮೇಲೆ ಎರಡನೆಯದು ಪೂರ್ತಿಯಾಯಿತು.

ಕಾಡುಗೋಧಿಯ ತೆನೆ ಹಣ್ಣಾದಂತೆ ತೆನೆಯ ನಡುಕಡ್ಡಿ ಗಿಣ್ಣು ಗಿಣ್ಣಿಗೂ ತಾನಾಗಿಯೇ ಕಳಚಿಕೊಂಡು ಕಾಳು ಉದುರುತ್ತದೆ. ಮೇಲಿನ ಗಿಣ್ಣು ಮೊದಲು, ಕೆಳಗಿನದು ಆಮೇಲೆ. ಹಾಗೆ ಕಳಚಿದ ಜಾಗ ನುಣುಪಾಗಿರುತ್ತದೆ. ಲಕ್ಷಾಂತರ ಗಿಡಗಳ ನಡುವೆ ಎಲ್ಲೋ ಒಂದು ಗಿಡದಲ್ಲಿ ಜೀನ್ ಕೆಟ್ಟು ಆ ಕಳಚುವಿಕೆ ನಿಲ್ಲುತ್ತದೆ. ಬಾರ್ಲಿಯಲ್ಲಿ ಇದಕ್ಕೆ ಅಕ್ಕಪಕ್ಕದ ಎರಡು ಜೀನ್‌ಗಳಲ್ಲಿ ಯಾವುದಾದರೂ ಒಂದು ಕೈಕೊಟ್ಟರೆ ಸಾಕು. ಉದುರದ ತೆನೆ ಕಾಡಿನಲ್ಲಿ ಬಂಜೆ, ಏಕೆಂದರೆ ಅದರ ಕಾಳು ನೆಲ ಸೇರುವುದಿಲ್ಲ. ಮನುಷ್ಯನ ಕೈಗೆ ಸಿಕ್ಕರೆ ಅದೇ ಗಿಡಕ್ಕೆ ಶುಕ್ರದೆಸೆ: ಬಡಿದರೆ ಮಾತ್ರ ಕಾಳು ಬಿಡುತ್ತದೆ, ಹಾಗಾಗಿ ಪೂರ್ತಿ ಕಣಕ್ಕೆ ಬಂದು ಸೇರುತ್ತದೆ.

ಇಂಥ ತೆನೆ ಹೆಚ್ಚಬೇಕಾದರೆ ನಾಲ್ಕು ಸಂಗತಿ ಒಟ್ಟಿಗೆ ಕೂಡಿಬರಬೇಕು. ಸಾಕಷ್ಟು ಹಣ್ಣಾಗಿ, ಉದುರುವ ತೆನೆ ಒಂದಷ್ಟು ಉದುರಿದ ಮೇಲೆ ಕೊಯ್ಯಬೇಕು. ಕುಡುಗೋಲಿನಲ್ಲಿ ಕೊಯ್ಯಬೇಕು, ಇಲ್ಲವೇ ಬುಡಸಮೇತ ಕೀಳಬೇಕು. ಹಾಗೆ ಕೊಯ್ದ ಕಾಳನ್ನೇ ಮುಂದಿನ ಬಿತ್ತನೆಗೆ ಇಡಬೇಕು. ಕಾಡುಕಾಳು ಮೊದಲೇ ಉದುರಿ ಬಿದ್ದಿರದ ಹೊಸ ಜಾಗದಲ್ಲಿ ಬಿತ್ತಬೇಕು. ಒಂದು ತಪ್ಪಿದರೂ ಕೆಲಸ ಕೆಡುತ್ತದೆ. ಉದುರುವ ಭಯಕ್ಕೆ ಹಸಿರಿರುವಾಗಲೇ ಕೊಯ್ದರೆ ಎರಡೂ ಬಗೆಯ ತೆನೆ ಸಮನಾಗಿ ಮನೆಗೆ ಬರುತ್ತವೆ, ಆಯ್ಕೆ ನಡೆಯುವುದೇ ಇಲ್ಲ. ಬುಟ್ಟಿ ಹಿಡಿದು ತೆನೆ ಬಡಿದರೆ ಇನ್ನೂ ಅನರ್ಥ: ಸುಲಭವಾಗಿ ಉದುರುವ ಕಾಳೇ ಬುಟ್ಟಿಗೆ ಬಿದ್ದು, ಉದುರದ ತೆನೆ ಹೊಲದಲ್ಲೇ ಉಳಿಯುತ್ತದೆ. ಬೆಳೆ ಹೋದ ವರ್ಷ ಕಾಡಿನಿಂದ ಮತ್ತೆ ಬೀಜ ತಂದರೆ ಅಲ್ಲಿಯವರೆಗಿನ ಗಳಿಕೆಯೆಲ್ಲ ನೀರಿನಲ್ಲಿ ಹೋಮ.

ಕಾಳು ದಪ್ಪವಾಗುವುದು, ಬಿತ್ತಿದ್ದೆಲ್ಲ ಒಟ್ಟಿಗೆ ಮೊಳೆಯುವುದು, ಒಟ್ಟಿಗೆ ಹಣ್ಣಾಗುವುದು ಇವೂ ಪಳಗಿದ ಗಿಡದ ಲಕ್ಷಣಗಳೇ. ಹೊರಗವಚ ಬಿಡದ ಎಮ್ಮರ್ ಗೋಧಿ ಮೊದಮೊದಲು ಪಳಗಿದ ಧಾನ್ಯಗಳಲ್ಲಿ ಒಂದು. ಅದು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಖಪ್ಲಿ ಗೋಧಿಯಾಗಿ ಇಂದಿಗೂ ಹೊಲದಲ್ಲಿದೆ. ಒಕ್ಕಿದ ಮೇಲೂ ಕುಟ್ಟಿಯೇ ಸಿಪ್ಪೆ ಬಿಡಿಸಬೇಕು.

ಈ ಬದಲಾವಣೆಗೆ ಎಷ್ಟು ಕಾಲ ಹಿಡಿಯಿತು?

ಮೇಲಿನ ನಾಲ್ಕೂ ಷರತ್ತು ಪ್ರತಿವರ್ಷ ತಪ್ಪದೆ ನಡೆದರೆ 20ರಿಂದ 200 ವರ್ಷ ಸಾಕು ಎಂದು ಸಂಶೋಧಕರಾದ ಗೋರ್ಡನ್ ಹಿಲ್‌ಮನ್ ಮತ್ತು ಸ್ಟುವರ್ಟ್ ಡೇವಿಸ್ 1990ರಲ್ಲಿ ಲೆಕ್ಕ ಹಾಕಿದ್ದರು. ಉತ್ಖನನದ ಕಾಳುಗಳು ಬೇರೆಯೇ ಮಾತು ಹೇಳಿದವು: ಪಶ್ಚಿಮ ಏಷ್ಯಾದಲ್ಲಿ ಎರಡು ಮೂರು ಸಾವಿರ ವರ್ಷ. ಭತ್ತದ್ದೂ ಅದೇ ನಿಧಾನ. ಚೀನಾದ ತಿಯಾನ್‌ಲುವೊಶಾನ್‌ನಲ್ಲಿ ಉದುರದ ಬಗೆಯ ಭತ್ತದ ಪಾಲು ಸುಮಾರು 6,900 ವರ್ಷಗಳ ಹಿಂದೆ ಶೇ. 27 ಇದ್ದದ್ದು 300 ವರ್ಷದ ಮೇಲೂ ಶೇ. 39ರಲ್ಲೇ ಇತ್ತು. ‘ನವಶಿಲಾಯುಗದ ಕ್ರಾಂತಿ’ ಎಂದು ಪುರಾತತ್ತ್ವಜ್ಞ ಗೋರ್ಡನ್ ಚೈಲ್ಡ್ 1930ರ ದಶಕದಲ್ಲಿ ಕೊಟ್ಟ ಹೆಸರು ಪುಸ್ತಕಗಳಲ್ಲಿ ಉಳಿದುಕೊಂಡಿದೆ. ಆದರೆ ಆ ಕಾಲದ ಯಾವ ತಲೆಮಾರಿನ ಕಣ್ಣಿಗೂ ಕ್ರಾಂತಿ ಕಂಡಿರಲಾರದು.

ದ್ವಿದಳ ಧಾನ್ಯಗಳು ಪಳಗಿದ್ದೂ ಹೀಗೆಯೇ?

ಅವುಗಳ ತೊಡಕು ಬೇರೆ. ಕಾಡುಹೆಸರಿನ ಕಾಯಿ ಒಣಗಿದಾಗ ಸಿಡಿದು ಕಾಳು ಚೆಲ್ಲುತ್ತದೆ. ಜೊತೆಗೆ ಸಿಪ್ಪೆ ಗಟ್ಟಿ. ನೀರು ಹೀರದೆ ಒಂದೆರಡು ಮಳೆಗಾಲ ಮಣ್ಣಲ್ಲೇ ಮಲಗಬಲ್ಲದು. ಕಾಡುಗಿಡಕ್ಕೆ ಅದು ವಿಮೆ, ಬಿತ್ತಿದವನಿಗೆ ನಷ್ಟ: ಹತ್ತು ಕಾಳು ಊರಿದರೆ ಒಂದೆರಡು ಮೊಳೆತಾವು. ಹೀಗಾಗಿ ಸಿಪ್ಪೆ ತೆಳುವಾಗುವುದೇ ಇಲ್ಲಿ ಮುಖ್ಯ ಬದಲಾವಣೆ. ದಕ್ಷಿಣ ಭಾರತದ ಪ್ರಾಚೀನ ಹುರುಳಿ ಕಾಳುಗಳನ್ನು ಒಡೆಯದೆ, ಸಿಂಕ್ರೊಟ್ರಾನ್ ಎಂಬ ಯಂತ್ರದ ಬಲು ಪ್ರಖರ ಎಕ್ಸ್‌ರೇ ಹಾಯಿಸಿ ಸಿಪ್ಪೆಯ ದಪ್ಪ ಅಳೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲಿ ಸಿಪ್ಪೆ ತೆಳುವಾಗುತ್ತ ಬಂದದ್ದು ಅದರಲ್ಲಿ ಕಂಡಿತು.

ದನ, ಕುರಿ, ಆಡು ಸಾಕಿದವು ಎಂದು ಎಲುಬು ನೋಡಿ ಹೇಗೆ ಹೇಳುತ್ತಾರೆ?

ಎಲುಬಿನ ಗಾತ್ರಕ್ಕಿಂತ ಕೊಂದ ಪ್ರಾಣಿಯ ವಯಸ್ಸು ಮತ್ತು ಲಿಂಗ ಹೆಚ್ಚು ಹೇಳುತ್ತವೆ. ಬೇಟೆಗಾರ ಮೈತುಂಬಿದ ದೊಡ್ಡ ಗಂಡನ್ನು ಹೊಡೆಯಲು ನೋಡುತ್ತಾನೆ. ಸಾಕುವವನು ಹೋತಮರಿಗಳನ್ನು ಬೇಗ ಕಡಿದು, ಹೆಣ್ಣುಗಳನ್ನು ಮರಿ ಹಾಕುವಷ್ಟು ಕಾಲವೂ ಉಳಿಸಿಕೊಳ್ಳುತ್ತಾನೆ. ಇಂದಿನ ಕುರಿಗಾಹಿಯ ಲೆಕ್ಕವೂ ಅದೇ ತಾನೆ. ಇರಾನಿನ ಗಂಜ್ ದರೆಯಲ್ಲಿ ಸುಮಾರು 10,000 ವರ್ಷ ಹಿಂದಿನ ಆಡಿನ ಎಲುಬುಗಳಲ್ಲಿ ಈ ಲೆಕ್ಕ ಸ್ಪಷ್ಟವಾಗಿದೆ, ಆಡುಗಳ ಗಾತ್ರ ಮಾತ್ರ ಇನ್ನೂ ಕಾಡಿನದೇ. ನಮ್ಮ ಡುಬ್ಬದ ದನ ಪಳಗಿದ್ದು ಬೇರೆಯಾಗಿ, ಸಿಂಧೂ ಬಯಲಿನ ಕಡೆ.

ಬೇಸಾಯ ಬಂದ ಮೇಲೆ ಜನ ಹೆಚ್ಚು ಆರೋಗ್ಯವಾಗಿದ್ದರೇ?

ಬಹುಪಾಲು ಕಡೆ ಇಲ್ಲ. ಹುಳುಕು ಹಲ್ಲು ಹೆಚ್ಚಿತು. ಚಿಕ್ಕಂದಿನಲ್ಲಿ ಉಪವಾಸ, ಕಾಯಿಲೆ ಅನುಭವಿಸಿದ್ದಕ್ಕೆ ಹಲ್ಲಿನ ಮೇಲೆ ಬೀಳುವ ಅಡ್ಡಗೆರೆಗಳೂ ಹೆಚ್ಚಿದವು. ಹಲವೆಡೆ ಎತ್ತರ ಕುಗ್ಗಿತು. ಸಿರಿಯಾದ ಅಬು ಹುರೈರಾದ ಅಸ್ಥಿಗಳನ್ನು ನೋಡಿದರೆ ದಿನಚರಿಯೇ ಓದಲು ಸಿಗುತ್ತದೆ: ಕಾಲ್ಬೆರಳು ಮಡಚಿ, ಮೊಣಕಾಲೂರಿ, ಮುಂದಕ್ಕೂ ಹಿಂದಕ್ಕೂ ತೂಗುತ್ತ ಗಂಟೆಗಟ್ಟಲೆ ಕಾಳು ಅರೆದವರ ಹೆಬ್ಬೆರಳ ಕೀಲು ಸವೆದಿದೆ, ಮೊಣಕಾಲು ಮತ್ತು ಬೆನ್ನಿನ ಕೆಳಭಾಗ ಜಖಂ ಆಗಿದೆ. ಹೀಗೆ ಸವೆದವುಗಳಲ್ಲಿ ಹೆಂಗಸರವೇ ಹೆಚ್ಚು.

ಆದರೂ ಜನಸಂಖ್ಯೆ ಏರಿತು. ಒಂದೆಡೆ ನೆಲೆಸಿದ ತಾಯಿ ಕೂಸನ್ನು ಹೊತ್ತು ದಿನವೂ ಮೈಲುಗಟ್ಟಲೆ ನಡೆಯಬೇಕಿಲ್ಲ. ಗಂಜಿಯಿಂದ ಕೂಸಿಗೆ ಬೇಗ ಹಾಲು ಬಿಡಿಸಬಹುದು. ಹೆರಿಗೆಗಳ ನಡುವಿನ ಅಂತರ ಕಡಿಮೆಯಾಯಿತು. ಸಾವು ಹೆಚ್ಚಿತು, ಹುಟ್ಟು ಅದನ್ನೂ ಮೀರಿಸಿತು. ಅಷ್ಟು ಬಾಯಿ ತುಂಬಿಸಬೇಕಾದ ಮೇಲೆ ಹಿಂದಿರುಗುವ ದಾರಿ ತಾನಾಗಿಯೇ ಮುಚ್ಚಿತು.

ಕಾಳು ಕೆಡದಂತೆ ಹೇಗೆ ಇಡುತ್ತಿದ್ದರು?

ಜೋರ್ಡನ್‌ನ ಧ್ರಾ ಎಂಬಲ್ಲಿ ಸುಮಾರು 11,300 ವರ್ಷ ಹಿಂದಿನ ಕಣಜಗಳು ಸಿಕ್ಕಿವೆ, ಅಂದರೆ ಗಿಡ ಇನ್ನೂ ಪಳಗದ ಕಾಲದವು. ಮಣ್ಣಿನ ದುಂಡು ಗೋಡೆ, ನೆಲದಿಂದ ಎತ್ತರಿಸಿ ಕೂರಿಸಿದ ತೇಲುನೆಲ. ಕೆಳಗೆ ಗಾಳಿ ಆಡುತ್ತದೆ, ತೇವ ತಾಗುವುದಿಲ್ಲ, ಇಲಿಗೂ ಕಷ್ಟ. ಮನೆ ಇಲಿ ಮನುಷ್ಯನ ಮನೆ ಸೇರಿದ್ದು ಬೇಸಾಯಕ್ಕೂ ಮೊದಲು, ಸುಮಾರು 15,000 ವರ್ಷಗಳ ಹಿಂದೆ ಜನ ಒಂದೆಡೆ ನಿಲ್ಲತೊಡಗಿದಾಗಲೇ.

ಕರ್ನಾಟಕದಲ್ಲಿ ಬೇಸಾಯ ಯಾವಾಗ ಶುರುವಾಯಿತು?

ಕ್ರಿ.ಪೂ. 3000ದಿಂದ 1200ರವರೆಗಿನ ದಕ್ಷಿಣದ ನವಶಿಲಾಯುಗದಲ್ಲಿ. ಸಂಗನಕಲ್ಲು, ಕುಪ್ಪಗಲ್ಲು, ತೆಕ್ಕಲಕೋಟೆ, ಪಿಕ್ಲಿಹಾಳ, ಮಸ್ಕಿ, ಬ್ರಹ್ಮಗಿರಿ, ಹಳ್ಳೂರು ಇದರ ಮುಖ್ಯ ನೆಲೆಗಳು. ಹೆಚ್ಚಿನವು ಗ್ರಾನೈಟ್ ಬಂಡೆಯ ಗುಡ್ಡಗಳ ಮೇಲೆ, ಇಲ್ಲವೇ ಬುಡದಲ್ಲಿ. ಕೃಷ್ಣಾ–ತುಂಗಭದ್ರೆಯ ನಡುವಿನ ಈ ಸೀಮೆಯ ಗುರುತೇ ಬೂದಿದಿಬ್ಬ. ನೂರಕ್ಕೂ ಹೆಚ್ಚು ದಿಬ್ಬಗಳು ದಾಖಲಾಗಿವೆ. ಬಳ್ಳಾರಿ ಬಳಿಯ ಕುಡುತಿನಿಯದು ಹೆಸರುವಾಸಿ.

19ನೇ ಶತಮಾನದಲ್ಲಿ ಇವನ್ನು ಕಂಡವರು ಜ್ವಾಲಾಮುಖಿಯ ಬೂದಿ ಎಂದೂ ಊಹಿಸಿದ್ದುಂಟು. ಇದು ದನದ ದೊಡ್ಡಿಯ ಸಗಣಿ ಸುಟ್ಟದ್ದು ಎಂಬ ದಾರಿಗೆ ತಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು 1957ರಲ್ಲಿ ಅಗೆಸಿದ ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್‌ಗೆ ಬೇಲಿಯ ಕಂಬ ನೆಟ್ಟ ಕುಳಿಗಳೂ ನೆಲದಲ್ಲಿ ಒತ್ತಿ ಉಳಿದ ಗೊರಸಿನ ಗುರುತುಗಳೂ ಸಿಕ್ಕವು. ಅಲ್ಲಿಗೆ ವಾದ ಬಹುತೇಕ ಮುಗಿಯಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಪಕ್ಕದಲ್ಲೇ ಮನೆಗಳು, ಕಲ್ಲಿನ ಅಲಗು ತಯಾರಿಸುತ್ತಿದ್ದ ಜಾಗ, ದನ ಕಡಿಯುತ್ತಿದ್ದ ಅಂಗಳ ಕಂಡವು. ದಿಬ್ಬವೆಂದರೆ ಬರೀ ದೊಡ್ಡಿಯಲ್ಲ, ಊರಿನ ಭಾಗ.

ಸಗಣಿಯನ್ನು ಗೊಬ್ಬರ ಮಾಡದೆ ಸುಟ್ಟದ್ದೇಕೆ?

ಆಕಸ್ಮಿಕ ಬೆಂಕಿಯಲ್ಲ ಎಂಬುದು ಖಚಿತ. ಸಗಣಿ ಪದರ, ಬೂದಿ ಪದರ, ಮತ್ತೆ ಸಗಣಿ ಎಂದು ಒಂದರ ಮೇಲೊಂದು ಕೂತಿವೆ. ಕೆಲವೆಡೆ ಶಾಖಕ್ಕೆ ಬೂದಿ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ. ದನಕ್ಕೆ ಹತ್ತುವ ಉಣ್ಣಿ, ನೊಣ ನಿವಾರಣೆಗೆ ಇರಬಹುದು. ಆಲ್ಚಿನ್ ಇದನ್ನು ಋತುಮಾನದ ಹಬ್ಬಗಳಿಗೆ, ಹಬ್ಬದ ಬೆಂಕಿಗೆ ಜೋಡಿಸಿದರು. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವುದು ಕನ್ನಡಿಗರಿಗೆ ತಟ್ಟನೆ ನೆನಪಾಗುತ್ತದೆ. ಆಚರಣೆ 4,000 ವರ್ಷ ಕಡಿಯದೆ ಬಂತು ಎಂದು ಅದರಿಂದ ಸಾಧಿಸಲಾಗದು. ಆದರೂ ಒಂದು ಪೀಳಿಗೆಗೂ ಮೀರಿ ಒಂದೇ ಜಾಗದಲ್ಲಿ ಸಗಣಿ ಕೂಡಿಟ್ಟು ಸುಟ್ಟು ಗುಡ್ಡ ಬೆಳೆಸಿದ್ದು ಬರೀ ಶುಚಿಗಾಗಿ ಎಂಬ ಉತ್ತರ ನಮಗೆ ಒಪ್ಪಿಗೆಯಾಗುವುದಿಲ್ಲ.

ಆಗ ರಾಗಿ, ಜೋಳ ಬೆಳೆಯುತ್ತಿದ್ದರೇ?

ಮೊದಲ ಹಂತದಲ್ಲಿ ಇಲ್ಲ. ಎರಡೂ ಆಫ್ರಿಕಾದವು, ತಡವಾಗಿ ಬಂದವು. ಪುರಾತತ್ತ್ವಜ್ಞರಾದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮುಂತಾದವರು ಈ ನೆಲೆಗಳ ಮಣ್ಣು ತೊಳೆದು ಕಾಳು ಹೆಕ್ಕಿದಾಗ ಮತ್ತೆ ಮತ್ತೆ ಸಿಕ್ಕದ್ದು ನಾಲ್ಕು: ಕೊರಲೆ, ನವಣೆಯ ಕುಲದ ಒಂದು ಹುಲ್ಲು, ಹೆಸರು, ಹುರುಳಿ. ನಾಲ್ಕೂ ಈ ಉಪಖಂಡದವೇ, ಮುಂಗಾರಿನವೇ. ಆ ನವಣೆ ಕುಲದ ಹುಲ್ಲು ಇಂದು ಬರೀ ಕಳೆ. ಹೊಲದಲ್ಲಿ ನಡೆದರೆ ಅದರ ತೆನೆ ಪಂಚೆ, ಸೀರೆಗೆ ಅಂಟಿಕೊಳ್ಳುತ್ತದೆ. ಕೊರಲೆ ಮಾತ್ರ ತುಮಕೂರು, ಚಿತ್ರದುರ್ಗದ ಕಡೆ ಉಳಿದು, ಈಗ ಸಿರಿಧಾನ್ಯದ ಹೆಸರಲ್ಲಿ ಪೇಟೆಗೂ ಬಂದಿದೆ.

ಗೋಧಿ, ಬಾರ್ಲಿ ಕೆಲವೆಡೆ ಅಷ್ಟಿಷ್ಟು ಸಿಗುತ್ತವೆ. ಅವು ವಾಯವ್ಯದಿಂದ ಬಂದ ಹಿಂಗಾರಿನ ಬೆಳೆ, ಒಣಸೀಮೆಯಲ್ಲಿ ನೀರು ಹಿಡಿದು ಬೆಳೆಯಬೇಕು. ಎಲ್ಲರ ಊಟವಾಗಿರಲಾರದು. ಕ್ರಿ.ಪೂ. ಎರಡನೇ ಸಹಸ್ರಮಾನ ಸಾಗಿದಂತೆ ಆಫ್ರಿಕಾ ಮೂಲದ ಅವರೆ, ಸಜ್ಜೆ, ಪೂರ್ವ ಭಾರತದ ಕಡೆಯ ತೊಗರಿ ಸೇರಿಕೊಂಡವು.

ಹಾಗಾದರೆ ಇಲ್ಲಿ ದನ ಮೊದಲೋ, ಬೆಳೆ ಮೊದಲೋ?

ಪುರಾವೆ ದನದ ಕಡೆಗೇ ವಾಲುತ್ತದೆ. ಹಳೆಯ ದಿಬ್ಬಗಳಲ್ಲಿ ದನದ ಎಲುಬು ಹೇರಳ. ಕಾಳು ಹೆಚ್ಚಾಗಿ ಕಾಣುವುದು ಆಮೇಲೆ ಗುಡ್ಡಗಳ ಮೇಲೆ ಊರುಗಳು ನೆಲೆಗೊಂಡ ಕಾಲದಲ್ಲಿ. ಪಶ್ಚಿಮ ಏಷ್ಯಾದ ಕ್ರಮ ತಿರುವುಮುರುವಾಗಿದೆ: ಅಲ್ಲಿ ಮೊದಲು ಮನೆ, ಆಮೇಲೆ ಹೊಲ, ಕೊನೆಗೆ ಹಿಂಡು. ಇಲ್ಲಿ ಮೊದಲು ಹಿಂಡು. ಕುಪ್ಪಗಲ್ಲಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳಲ್ಲೂ ಉದ್ದ ಕೊಂಬಿನ, ಡುಬ್ಬದ ದನಗಳದೇ ದರ್ಬಾರು.

ನೇಗಿಲು ಇತ್ತೇ?

ಮೊದಲಿಗೆ ಇತ್ತೆನ್ನಲು ಆಧಾರವಿಲ್ಲ. ಅಗೆಯುವ ಕೋಲು, ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿ ಇಷ್ಟೇ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಡೊಲೆರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನಿಂದ ಕೊಡಲಿ ಮಾಡುವ ದೊಡ್ಡ ಕಮ್ಮಟವೇ ಇತ್ತು. ಕೊಡಲಿ ಉಜ್ಜಿದ ಉದ್ದನೆಯ ತೋಡುಗಳು ಬಂಡೆಗಳ ಮೇಲೆ ಈಗಲೂ ಇವೆ. ಹೆಸರುಕಾಳು ಗಮನಾರ್ಹವಾಗಿ ದಪ್ಪವಾಗುವುದು ಬಹಳ ತಡವಾಗಿ. ನೇಗಿಲು ಬಂದು ಬೀಜ ಆಳಕ್ಕೆ ಬೀಳತೊಡಗಿದಾಗ ದಪ್ಪ ಕಾಳಿನ ಮೊಳಕೆಯೇ ಮೇಲೆದ್ದು ಬಂದಿರಬೇಕು ಎಂಬುದು ಅದಕ್ಕೆ ಕೊಡುವ ವಿವರಣೆ.

ಇಷ್ಟು ಹಳೆಯ ಕಾಳು ಕೈಗೆ ಸಿಗುವುದು ಹೇಗೆ?

ಬಹುಮಟ್ಟಿಗೆ ಸುಟ್ಟು ಕರಕಲಾದದ್ದು ಮಾತ್ರ ಉಳಿಯುತ್ತದೆ. ಬೇಯಿಸಿ ತಿಂದದ್ದು, ಹಸಿ ಗೆಡ್ಡೆ, ಸೊಪ್ಪು ಗುರುತಿಲ್ಲದೆ ಹೋಗುತ್ತವೆ. ಹೀಗಾಗಿ ನಮ್ಮ ಚಿತ್ರ ಯಾವಾಗಲೂ ಧಾನ್ಯದ ಕಡೆ ವಾಲಿರುತ್ತದೆ.

ವಿಧಾನ ಸರಳ. ಪ್ರತಿ ಸ್ತರದಿಂದ ಒಂದೆರಡು ಬಕೆಟ್ ಮಣ್ಣು ತೆಗೆದು, ಎಷ್ಟು ಲೀಟರ್ ಎಂದು ಬರೆದಿಟ್ಟು, ನೀರಿನ ಡ್ರಮ್ಮಿಗೆ ಹಾಕಿ ಕೈಯಲ್ಲಿ ಮೆಲ್ಲಗೆ ಕದಡುತ್ತಾರೆ. ಇದ್ದಿಲು, ಕರಕಲು ಕಾಳು ತೇಲುತ್ತವೆ. ಆ ನೀರನ್ನು ಕಾಲು ಮಿಲಿಮೀಟರ್ ಕಣ್ಣಿನ ಜಾಲರಿಗೆ ಸುರಿಯುತ್ತಾರೆ. ಕಣ್ಣು ದೊಡ್ಡದಾದರೆ ಸಣ್ಣ ಕಾಳು ನುಸುಳಿಹೋಗಿ, ಆ ಊರಲ್ಲಿ ಹೆಸರು, ಹುರುಳಿ ಮಾತ್ರ ಇತ್ತೆಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಜಾಲರಿಯನ್ನು ನೆರಳಲ್ಲೇ ಒಣಗಿಸಬೇಕು. ಬಿಸಿಲಿಗಿಟ್ಟರೆ ಕಾಳು ಬಿರಿಯುತ್ತದೆ. ಎರೆಮಣ್ಣಾದರೆ ಹೆಂಟೆ ಒಡೆಯುವುದಿಲ್ಲ, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಮೊದಲು ನೆನೆಸುವುದುಂಟು. ಒಣಗಿದ ಮೇಲೆ 10ರಿಂದ 40 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಡಿ ಒಂದೊಂದೇ ಬೇರ್ಪಡಿಸುವುದು. ಬಾರ್ಲಿಯ ಗಿಣ್ಣಿನ ತುದಿ ನುಣುಪೋ, ಹರಿದಂತೆ ಒರಟೋ ಎಂದು ನೋಡುವುದೂ ಇಲ್ಲಿಯೇ. ನುಣುಪಾದರೆ ಕಾಡಿನದು, ಒರಟಾದರೆ ಕಣದಲ್ಲಿ ಬಡಿದದ್ದು, ಅಂದರೆ ಪಳಗಿದ್ದು.

ಎರೆಭೂಮಿಯಲ್ಲಿ ಇನ್ನೊಂದು ಗಂಡಾಂತರವಿದೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು, ಮೇಲಿನ ಈಚಿನ ಕಾಳು ಬಿರುಕಿನಲ್ಲಿ ಜಾರಿ ಹಳೆಯ ಸ್ತರಕ್ಕೆ ಸೇರುತ್ತದೆ. ಇರುವೆ, ಹೆಗ್ಗಣ, ಬೇರು ಕೂಡ ಇದೇ ಕೆಲಸ ಮಾಡುತ್ತವೆ. ಆದ್ದರಿಂದ ಪಕ್ಕದ ಇದ್ದಿಲಿನ ಕಾಲವನ್ನು ಕಾಳಿಗೆ ಅಂಟಿಸದೆ, ಆ ಕಾಳನ್ನೇ ವಯಸ್ಸು ತಿಳಿಸುವ ರೇಡಿಯೊಕಾರ್ಬನ್ ಪರೀಕ್ಷೆಗೆ ಕಳಿಸಬೇಕು. ಕೆಲವೇ ಮಿಲಿಗ್ರಾಂ ಸಾಕು. ಹಾಗೆ ಪರೀಕ್ಷಿಸದ ಒಂಟಿ ಕಾಳನ್ನು ನಂಬಿ ‘ಅತಿ ಪ್ರಾಚೀನ’ ಎಂದು ಬರುವ ಸುದ್ದಿಗಳನ್ನು ಸ್ವಲ್ಪ ತಡೆದು ಓದಿ.

ಬೇಸಾಯ ಬಂದೊಡನೆ ಬೇಟೆ ನಿಂತಿತೇ?

ಇಲ್ಲ. ನವಶಿಲಾಯುಗದ ನೆಲೆಗಳಲ್ಲೂ ಜಿಂಕೆಯಂಥ ಕಾಡುಪ್ರಾಣಿಗಳ ಎಲುಬು ಸಿಗುತ್ತವೆ.

ನಮ್ಮ ಹೊಲದಲ್ಲಿ ಬೂದಿಮಣ್ಣು, ನಯವಾದ ಕಲ್ಲುಕೊಡಲಿ ಸಿಕ್ಕಿದೆ. ಏನು ಮಾಡಬೇಕು?

ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ವಸ್ತು ಇದ್ದ ಜಾಗದಲ್ಲೇ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಎಷ್ಟು ಆಳದಲ್ಲಿತ್ತು, ಸರ್ವೆ ನಂಬರ್ ಯಾವುದು ಎಂದು ಬರೆದಿಡಿ. ತೊಳೆಯಬೇಡಿ: ಅರೆಯುವ ಕಲ್ಲಿನ ರಂಧ್ರಗಳಲ್ಲಿ ಪಿಷ್ಟದ ಕಣ ಉಳಿದಿರಬಹುದು, ಸೋಪು ಹಚ್ಚಿ ಉಜ್ಜಿದರೆ ಅದು ಹೋಯಿತು. ಬೂದಿಯನ್ನು ಗೊಬ್ಬರಕ್ಕೆಂದು ಟ್ರಾಕ್ಟರಿನಲ್ಲಿ ಸಾಗಿಸಿದ್ದರಿಂದಲೇ ಹಲವು ದಿಬ್ಬಗಳು ಅರ್ಧಕ್ಕಿಳಿದಿವೆ. ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ, ಇಲ್ಲವೇ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ–ಪುರಾತತ್ತ್ವ ವಿಭಾಗಕ್ಕೆ ತಿಳಿಸಿ, ಅವರು ಬಂದು ನೋಡುವವರೆಗೆ ಆ ತಾಕಿನಲ್ಲಿ ಜೆಸಿಬಿ ಆಡಿಸಬೇಡಿ.